ತಿನ್ನರ್ ಹಾಕಿದ ಸನ್‌ಸ್ಕ್ರೀನ್

ನಮ್ಮ ಅತ್ತೆ ಪೇಂಟರ್. ಚಿತ್ರ ಬರೆಯುವ ಪೇಂಟರ್ ಅಲ್ಲ, ನಾಲ್ಕಂತಸ್ತಿನ ಕಟ್ಟಡದ ಹೊರಗೋಡೆಗೆ ಜೋತುಬಿದ್ದು ರೋಲರ್ ಎಳೆಯುವವರು! ಹಗ್ಗ ಕಟ್ಟಿದ ಹಲಗೆಯ ಮೇಲೆ ಕೂತೇ ಕೆಳಗಿನವರ ಜೊತೆ ಜಗಳವನ್ನೂ ಆಡುತ್ತಾರೆ. ಕಾಲೇಜಿಗೆ ರಜೆ ಬಿಟ್ಟ ತಕ್ಷಣ ನಾನು ಅವರ ಮನೆಗೆ ಓಡುವುದು ಇದಕ್ಕೇ. ಅತ್ತೆ ಏನು ಮಾಡಿದರೂ ಬಾಯಿ ಬಿಟ್ಟುಕೊಂಡು ನೋಡಬೇಕು. ಈ ಸಲವಂತೂ ಬಿಟ್ಟ ಬಾಯಿ ಮುಚ್ಚಲೇ ಇಲ್ಲ.

ಅತ್ತೆಯ ಮಗಳು ಗುಬ್ಬಿಗೆ ಹತ್ತು ವರ್ಷ. ಕೆನ್ನೆ, ಕತ್ತು, ತೋಳಿನ ಮೇಲೆ ಬಿಳಿ ಮಚ್ಚೆಗಳು. ಅಲ್ಲಿನ ಚರ್ಮಕ್ಕೆ ಬಣ್ಣವೇ ಇಲ್ಲದ್ದರಿಂದ ಬಿಸಿಲಿಗೆ ಬೇಗ ಸುಡುತ್ತದೆ. ಆ ಹುಡುಗಿಗೋ ಓಟದ ಹುಚ್ಚು. ಶಾಲೆಯ ರಿಲೇ ತಂಡಕ್ಕೆ ಸೇರಿದ ವಾರವೇ ಕತ್ತು ಸುಟ್ಟುಕೊಂಡು ಬಂದಳು.

“ಇನ್ನೊಂದ್ಸಲ ಹೀಗಾದ್ರೆ ಓಟ ಬಂದ್! ಮನೇಲೇ ಬಿದ್ದಿರು” ಎಂದು ಅತ್ತೆ ಗುಡುಗಿದರು.

ಡಾಕ್ಟರ್ ಸನ್‌ಸ್ಕ್ರೀನ್ ಹಚ್ಚಿ ಎಂದರು. ಅತ್ತೆಯೂ ನಾನೂ ಮೆಡಿಕಲ್ ಶಾಪಿಗೆ ಹೋದೆವು. ಅಂಗಡಿಯಾಕೆ ಟ್ಯೂಬ್‌ಗಳ ಗುಡ್ಡೆಯನ್ನೇ ಹಾಕಿ, ಎಸ್‌ಪಿಎಫ್ ಐವತ್ತಿರುವ, ಬಿಸಿಲಿನ ಎರಡೂ ಬಗೆಯ ಸುಡುವ ಕಿರಣ ತಡೆಯುವ, ಬೆವರಿಗೆ ಬೇಗ ಹೋಗದ, ಸೆಂಟ್ ಸೇರಿಸದ ಒಂದನ್ನು ಆರಿಸಿಕೊಟ್ಟರು. ನಾನು ಹಿಂಬದಿಯ ಸಣ್ಣಕ್ಷರ ಓದಿದೆ: ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್.

ಅತ್ತೆ ಹೌಹಾರಿದರು. “ಏನೇ! ಟೈಟಾನಿಯಂ ನಮ್ಮ ಬಿಳಿ ಪೇಂಟಿಗೆ ಹಾಕೋದಲ್ವಾ?”

“ಹೌದತ್ತೆ. ಆದ್ರೆ ಇದು ಮೈಗೆ ಅಂತಲೇ ಮಾಡಿದ್ದು.”

“ಅಂದ್ರೆ ಇಷ್ಟು ವರ್ಷ ನಾನು ಗೋಡೆಗಳಿಗೆ ಸನ್‌ಸ್ಕ್ರೀನ್ ಹಚ್ತಿದ್ನಾ!”

ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ. “ಧಾರಾಳವಾಗಿ ಹಚ್ಚಿ ಅಮ್ಮಾ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ” ಎಂದದ್ದು ಆ ನಗುವಿನಲ್ಲೇ ಮುಳುಗಿಹೋಯಿತು.

ಕೆಲವು ದಿನಗಳಾದ ಮೇಲೆ ಅಡುಗೆಮನೆಗೆ ಹೋದರೆ ಏನು ನೋಡುವುದು! ಡಬ್ಬಿಯ ತುಂಬ ನೀರುಹಾಲಿನಂಥದ್ದೇನೋ. ಪಕ್ಕದಲ್ಲಿ ಹೊಟ್ಟೆ ಸೀಳಿಸಿಕೊಂಡ ಟ್ಯೂಬು.

“ಅತ್ತೆ, ಇದೇನಿದು?”

“ಅದೇ ಕ್ರೀಮು ಕಣೇ. ಭಾಳ ಗಟ್ಟಿ, ಎಳೆದ್ರೆ ಬರ್ತಾನೇ ಇರ್ಲಿಲ್ಲ. ಮೊನ್ನೆ ಮೈಗೆ ಹಚ್ಚೋ ಲೋಷನ್ ಹಾಕಿ ಕಲಸಿದೆ. ಪೇಂಟಿಗೆ ತಿನ್ನರ್ ಹಾಕಲ್ವಾ, ಹಾಗೆ. ಈಗ ನಿನಗೆ, ನನಗೆ, ನಿಮ್ಮಾವಂಗೆ, ಎಲ್ರಿಗೂ ಆಗುತ್ತೆ. ಐವತ್ತರಲ್ಲಿ ಅರ್ಧ ಹೋದ್ರೂ ಇಪ್ಪತ್ತೈದು ಉಳೀತಲ್ಲ!”

“ಹಾಗೆಲ್ಲ ಲೆಕ್ಕ ಬರಲ್ಲ ಅತ್ತೆ! ಬೆರೆಸಿದ್ರೆ ಕ್ರೀಮು ಒಡೆದುಹೋಗುತ್ತೆ. ಎಲ್ಲಿ ತಡೆಯುತ್ತೆ, ಎಲ್ಲಿ ಬಿಡುತ್ತೆ, ದೇವ್ರಿಗೇ ಗೊತ್ತು. ಗುಬ್ಬಿ ಎಲ್ಲಿ?”

“ಇದನ್ನೇ ಹಚ್ಕೊಂಡು ಗ್ರೌಂಡಿಗೆ…” ಎನ್ನುತ್ತಲೇ ಅತ್ತೆ ಬಾಗಿಲಿಗೆ ಧಾವಿಸಿದರು.

ಬಿದ್ದೆವೋ ಸತ್ತೆವೋ ಎಂದು ಓಡಿದೆವು. ಅತ್ತೆಯ ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಮಾವನದು! ಗುಬ್ಬಿ ಸುಡುಬಿಸಿಲಲ್ಲಿ ಕಾಲರ್ ಎತ್ತಿಕೊಂಡು ತನ್ನ ಸರದಿಗೆ ಕಾಯುತ್ತ ನಿಂತಿದ್ದಳು. ಅತ್ತೆ ಕಾಲರ್ ಸರಿಸಿದರು. ಕತ್ತಿನ ಮಚ್ಚೆಗಳೆಲ್ಲ ಕೆಂಪಗಾಗಿದ್ದವು.

“ಉರೀತಿಲ್ವೇನೇ?”

“ನಿನ್ನೆಯಿಂದ ಉರೀತಿದೆ.”

“ಮತ್ತೆ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?”

“ಹೇಳಿದ್ರೆ ಓಟ ಬಂದ್ ಮಾಡ್ತೀಯಲ್ಲ.”

ಅತ್ತೆ ಬಿಸಿಲಲ್ಲೇ ಕುಸಿದು ಕೂತರು. ಆಮೇಲೆ ಧಡಕ್ಕನೆದ್ದು ಮಗಳನ್ನು ನೆರಳಿಗೆ ಎಳೆದುಕೊಂಡು ಹೋಗಿ, ಸೆರಗು ಒದ್ದೆ ಮಾಡಿ ಕತ್ತಿನ ಮೇಲಿಟ್ಟರು. ಪಿಟಿ ಮೇಡಂ ಓಡಿಬಂದರು.

“ಮೇಡಂ, ಈ ವಾರ ಇವಳು ಓಡಲ್ಲ” ಎಂದರು ಅತ್ತೆ. ಗುಬ್ಬಿಯ ಮುಖ ಬಾಡಿತು. “ಇದು ವಾಸಿಯಾದ್ಮೇಲೆ ಓಡ್ತಾಳೆ. ತುಂಬುತೋಳಿನ ಅಂಗಿ ಹಾಕ್ಸಿ, ಏನೂ ಬೆರೆಸದ ಕ್ರೀಮು ದಪ್ಪಗೆ ಬಳಿದು ಕಳಿಸ್ತೀನಿ. ಬಿಸಿಲೇರೋಕೆ ಮುಂಚೆ ಪ್ರಾಕ್ಟೀಸ್ ಇಡೋಕಾಗುತ್ತಾ?”

“ಇಡೋಣ. ಉಳಿದ ಮೂರು ಜನ ನನ್ನ ಶಪಿಸ್ತಾರೆ, ಅಷ್ಟೇ” ಎಂದು ಮೇಡಂ ನಕ್ಕರು.

ಅತ್ತೆ ಗುಬ್ಬಿಯ ಕಡೆ ತಿರುಗಿದರು. “ಇನ್ಮೇಲೆ ಉರಿದ್ರೆ ಹೇಳ್ತೀಯಾ?”

“ಬಂದ್ ಮಾಡಲ್ವಾ?”

“ಮಾಡಲ್ಲ ಕಣೇ. ನೀನು ಹೇಳು, ಅಷ್ಟು ಸಾಕು.”

ಗುಬ್ಬಿ ಒದ್ದೆ ಸೆರಗನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಂಡಳು.

“ಹಾಗಾದ್ರೆ, ಕಿವಿ ಹಿಂದೆನೂ ಉರೀತಿದೆ.”