ಭುಜದ ಪಟ್ಟಿ ಹೊಲಿಯುತ್ತಿದ್ದ ಅಕ್ಕ

ಕಳೆದ ವಾರ ಗೃಹರಕ್ಷಕ ದಳದ ಹೆಂಗಸೊಬ್ಬರು ಹೊಸ ಖಾಕಿ ಅಂಗಿಯನ್ನು ಬಿಗಿ ಮಾಡಿಕೊಡಲು ಕೊಟ್ಟುಹೋದರು. ಕವರ್ ಬಿಚ್ಚಿದೊಡನೆ ಗಂಜಿ, ಹಸಿ ಬಣ್ಣ ಸೇರಿದ ಆ ವಾಸನೆ ಮೂಗಿಗೆ ಹೊಡೆಯಿತು. ಕತ್ತರಿ ಕೆಳಗಿಟ್ಟೆ. ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದ ಅಕ್ಕ ನೆನಪಾದಳು...

ಅಕ್ಕ ಮಳವಳ್ಳಿಯವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದಳು. ಬೆಳಿಗ್ಗೆ ಕಾರ್ಖಾನೆಯ ವ್ಯಾನಿನಲ್ಲಿ ಅವಳು ಮೊದಲೇ ಬಂದಿರುತ್ತಿದ್ದಳು. ದಾರಿಯಲ್ಲಿ, ಕಾರ್ಖಾನೆಯ ಶಿಶುಕೇಂದ್ರಕ್ಕೆ ಬಿಡಬೇಕಿದ್ದ ಮಗಳನ್ನು ಎತ್ತಿಕೊಂಡು ನಾನು ಹತ್ತಿದರೆ ಪಕ್ಕದಲ್ಲಿ ಜಾಗ ಹಿಡಿದಿರುತ್ತಿದ್ದಳು. ನನಗೆ ಮೆಷಿನ್ ಕಲಿಸಿದವಳೂ ಅವಳೇ.

ನಾಲ್ಕನೇ ವರ್ಷ ನಮ್ಮ ಲೈನಿಗೆ ಹಸಿರು ಮಿಶ್ರಿತ ಖಾಕಿಯ ದೊಡ್ಡ ಆರ್ಡರ್ ಬಂತು. ಒಂದು ಅಂಗಿಯನ್ನು ನಾವು ಯಾರೂ ಪೂರ್ತಿ ಹೊಲಿಯುತ್ತಿರಲಿಲ್ಲ. ನನಗೆ ಜೇಬು, ಅಕ್ಕನಿಗೆ ಭುಜದ ಪಟ್ಟಿ. ಪಟ್ಟಿಯ ತುದಿ ಚೂಪು, ಅಂಚಿನಲ್ಲಿ ಎರಡು ಸಾಲು ಹೊಲಿಗೆ, ನಡುವೆ ಗುಣಾಕಾರದ ಚಿಹ್ನೆಯಂಥ ಒಂದು ಕತ್ತರಿ ಗುರುತು. ಅದು ಯಾರಿಗೆ ಹೋಗುತ್ತದೆಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಒಂದು ಸಂಜೆ ವ್ಯಾನಿನಲ್ಲಿ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಸುದ್ದಿ ನೋಡುತ್ತಿದ್ದಳು. ಸಮುದ್ರದಾಚೆಯ ಯಾವುದೋ ದೇಶ. ಸೈನ್ಯ ಸರ್ಕಾರವನ್ನು ಕಿತ್ತುಹಾಕಿ ತಾನೇ ಆಳುತ್ತಿತ್ತು. ಬೀದಿಗಿಳಿದ ಕಾಲೇಜು ಮಕ್ಕಳಿಗೆ ಗುಂಡು ಹೊಡೆಯುತ್ತಿತ್ತು. ಅಕ್ಕ ಬಗ್ಗಿ ನೋಡಿದಳು.

"ವಸಿ ನಿಲ್ಸವ್ವ ಅದ."

ಹುಡುಗಿ ನಿಲ್ಲಿಸಿದಳು. ಬಿದ್ದ ಹುಡುಗನೊಬ್ಬನ ಬೆನ್ನ ಮೇಲೆ ಬೂಟಿಟ್ಟು ಸೈನಿಕನೊಬ್ಬ ನಿಂತಿದ್ದ. ಅಕ್ಕ ಅವನ ಭುಜದ ಮೇಲೆ ಬೆರಳಿಟ್ಟಳು.

"ಇದು ನಂದು ಕಣಮ್ಮಿ. ನಾನು ಒಲ್ದಿರದು."

ನಾನು ನೋಡಿದೆ. ಚೂಪು ತುದಿ, ಎರಡು ಸಾಲು, ಕತ್ತರಿ ಗುರುತು. ಜೇಬು ನನ್ನದಾಗಿತ್ತು. ನಾನು ಮಗಳನ್ನು ಮಡಿಲಲ್ಲಿ ಸರಿಪಡಿಸಿಕೊಂಡು ಕಿಟಕಿಯ ಕಡೆ ತಿರುಗಿದೆ.

ಮರುದಿನ ಅಕ್ಕ ಪ್ಯಾಕಿಂಗಿನಲ್ಲಿ ಡಬ್ಬದ ಮೇಲಿದ್ದ ಹೆಸರನ್ನು ಬರೆದುಕೊಂಡು ಹೋಗಿ, ಮಂಡ್ಯದಲ್ಲಿ ಓದುತ್ತಿದ್ದ ತಮ್ಮನ ಮಗಳ ಕೈಲಿ ಓದಿಸಿದಳು. ಅದೇ ದೇಶ. ಅಕ್ಕ ಮ್ಯಾನೇಜರ ಮುಂದೆ ಹೋಗಿ ನಿಂತಳು.

"ಬ್ಯಾರೆ ಬಟ್ಟೆ ಕೊಡಿ ಸಾ, ಎಷ್ಟ್ ಬೇಕಾದ್ರೂ ಒಲಿತೀನಿ. ಇದ್ ಮಾತ್ರ ಆಗಕಿಲ್ಲ."

"ಹೊಲಿಯೋದಷ್ಟೇ ನಮ್ಮ ಕೆಲಸ. ಹಾಕ್ಕೊಂಡೋರು ಏನು ಮಾಡ್ತಾರೆ ಅನ್ನೋದು ನಿಮಗ್ಯಾಕೆ?" ಎಂದರು ಅವರು. ಅಂದಿನಿಂದ ಅಕ್ಕನನ್ನು ಮೆಷಿನ್ನಿನಿಂದ ಎಬ್ಬಿಸಿ ನೂಲು ಕತ್ತರಿಸಲು ನಿಲ್ಲಿಸಿದರು.

ಒಂದು ಭಾನುವಾರ ಶಿವಪುರದ ಸತ್ಯಾಗ್ರಹ ಸೌಧದ ಹುಲ್ಲಿನ ಮೇಲೆ ಅವಳು ನಮ್ಮನ್ನೆಲ್ಲ ಕರೆದಳು. ಬಂದದ್ದು ಏಳು ಜನ. ಈ ಆರ್ಡರ್ ಬೇಡ, ಬೇರೆ ಕೆಲಸ ಕೊಡಿ ಎಂದು ಒಂದು ಕಾಗದ ಬರೆದು ಎಲ್ಲರೂ ಸಹಿ ಹಾಕಿದೆವು. ತಮ್ಮನ ಮಗಳು ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ವಿದೇಶದ ಒಂದು ಸಂಘಕ್ಕೆ ಕಳಿಸಿದಳು. ಆ ಸೈನ್ಯದ ಜೊತೆ ವ್ಯಾಪಾರ ಮಾಡಬೇಡಿ, ಆ ದೇಶಕ್ಕೆ ಪ್ರವಾಸ ಹೋಗಬೇಡಿ ಎಂದು ಹೋರಾಡುವವರು ಅವರು. ಇದನ್ನು ಕೇಳಿದ ಅಕ್ಕ ಮಂಡ್ಯದ ಟ್ರಾವೆಲ್ಸ್ ಆಫೀಸೊಂದಕ್ಕೂ ಹೋದಳು. ಅಲ್ಲಿ ಆ ದೇಶದ ಕಡಲತೀರದ ದೊಡ್ಡ ಬ್ಯಾನರ್ ಇತ್ತು. "ಅಲ್ಲಿ ಮಕ್ಕಳ್ನ ಸಾಯಿಸ್ತಾವ್ರೆ, ಜನುನ್ನ ಅಲ್ಲಿಗೆ ಕರ್ಕೊಂಡೋಗ್ಬ್ಯಾಡಿ" ಎಂದು ಕೈಮುಗಿದಳು. ಅವರು ನಕ್ಕು, ನೀರು ಕೊಟ್ಟು ಕಳಿಸಿದರು.

ನಮ್ಮ ಕಾಗದ ಆಫೀಸು ಮುಟ್ಟಿದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ನನ್ನ ಮುಂದೆ ಇನ್ನೊಂದು ಕಾಗದವಿತ್ತು. ಅಕ್ಕ ಹೆದರಿಸಿ ಸಹಿ ಹಾಕಿಸಿಕೊಂಡಳು ಎಂದು ಟೈಪ್ ಮಾಡಿದ್ದರು.

"ನಿಮ್ಮ ಮಗು ನಮ್ಮ ಶಿಶುಕೇಂದ್ರದಲ್ಲೇ ಇರೋದಲ್ವಾ?" ಮ್ಯಾನೇಜರು ತುಂಬ ಮೆಲ್ಲಗೆ ಕೇಳಿದರು.

ನನ್ನ ಗಂಡನಿಗೆ ಆಗ ಕೆಲಸವಿರಲಿಲ್ಲ. ಮಗಳಿನ್ನೂ ಎದೆಹಾಲು ಬಿಟ್ಟಿರಲಿಲ್ಲ... ಇವೆಲ್ಲ ನಿಜ. ಆ ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿದ್ದೂ ನಿಜ. ಏಳರಲ್ಲಿ ಮೊದಲು ಹಾಕಿದವಳು ನಾನೇ. ವಾರದೊಳಗೆ ಅಕ್ಕನನ್ನು ಕೆಲಸದಿಂದ ತೆಗೆದರು.

ಅವಳು ಬಿಡಲಿಲ್ಲ. ದಿನವೂ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು, ಈ ಅಂಗಿ ಹೊಲಿಯಬೇಡಿ ಎಂದು ಬರೆದ ರಟ್ಟು ಹಿಡಿದು ಗೇಟಿನ ಎದುರು ಒಬ್ಬಳೇ ನಿಲ್ಲುತ್ತಿದ್ದಳು. ನಮ್ಮ ವ್ಯಾನು ಒಳಗೆ ತಿರುಗುವಾಗ ನಾನು ಮಗಳ ಮುಖ ಒರೆಸುವವಳಂತೆ ತಲೆ ತಗ್ಗಿಸುತ್ತಿದ್ದೆ.

ಕೆಲವು ತಿಂಗಳ ಮೇಲೆ ಆ ಸಂಘದವರು ಒಂದು ಚಿತ್ರ ಹೊರಡಿಸಿದರು. ಒಂದು ಕಡೆ ಸೈನಿಕನ ಭುಜ, ಇನ್ನೊಂದು ಕಡೆ ಅಕ್ಕನ ಅಂಗೈ, ಅದರ ಮೇಲೆ ಅವಳು ಎತ್ತಿಟ್ಟುಕೊಂಡಿದ್ದ ಅದೇ ಪಟ್ಟಿ, ತಮ್ಮನ ಮಗಳು ತೆಗೆದು ಕಳಿಸಿದ ಫೋಟೋ. ನಮ್ಮಿಂದ ಅಂಗಿ ಕೊಂಡು ಆ ಸೈನ್ಯಕ್ಕೆ ಮಾರುತ್ತಿದ್ದ ವಿದೇಶಿ ಕಂಪನಿ ಮರ್ಯಾದೆಗೆ ಅಂಜಿ ಆರ್ಡರ್ ಕೈಬಿಟ್ಟಿತು. ಅಕ್ಕ ಗೆದ್ದಳು. ಆದರೆ ಕಾರ್ಖಾನೆಯವರು ಎರಡು ಲೈನು ಮುಚ್ಚಿ ನಮ್ಮನ್ನೆಲ್ಲ ಮನೆಗೆ ಕಳಿಸಿದರು.

ಅಂದು ಗೇಟಿನಲ್ಲಿ ಹೆಂಗಸರು ಅವಳನ್ನು ಸುತ್ತುವರಿದರು. "ಯಾವ್ದೋ ದೇಶದ ಮಕ್ಳಿಗೋಸ್ಕರ ನಮ್ ಮಕ್ಳ ಒಟ್ಟೆ ಮ್ಯಾಲೆ ಒಡುದ್ಯಲ್ಲೇ" ಎಂದು ಒಬ್ಬಳು ಅವಳ ಕೈಯ ರಟ್ಟನ್ನು ಕಿತ್ತು ಹರಿದಳು. ಅಕ್ಕ ಬಗ್ಗಿ ಚೂರುಗಳನ್ನು ಹೆಕ್ಕಿಕೊಂಡಳು. ಗುಂಪಿನಲ್ಲಿ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಮಳವಳ್ಳಿಗೆ ಹೋದೆ. ತಮ್ಮನ ಮನೆಯ ಜಗಲಿಯಲ್ಲಿ ಅವಳು ತನ್ನದೇ ರವಿಕೆ ಹೊಲಿಯುತ್ತಿದ್ದಳು. ತುಂಬ ಇಳಿದುಹೋಗಿದ್ದಳು, ಮಾತಿನ ನಡುವೆ ಕೆಮ್ಮು. ಬೀದಿಯವರು ಅವಳಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದರಂತೆ. ಅವರ ಮನೆಯ ಹೆಣ್ಣುಮಕ್ಕಳೂ ನಮ್ಮ ಲೈನಿನಲ್ಲಿದ್ದವರೇ.

"ಅಕ್ಕ, ಆ ಕಾಗದಕ್ಕೆ ನಾನೂ..." ಎಂದೆ.

"ಗೊತ್ತು. ತೋರ್ಸುದ್ರು," ಎಂದಳು, ಸೂಜಿಯಿಂದ ಕಣ್ಣೆತ್ತದೆ. ದಾರ ಕಡಿದು, "ಮಗು ಎಂಗದೆ? ಟೀ ಕುಡ್ದು ಓಗು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ನನಗೆ ತಿಳಿದದ್ದು ಹಾಲುತುಪ್ಪದ ಕಾರ್ಯವೂ ಮುಗಿದ ಮೇಲೆ.

ಆ ದೇಶದಲ್ಲಿ ಇಂದಿಗೂ ಸೈನ್ಯದ್ದೇ ಆಳ್ವಿಕೆ. ಅಂಗಿಗಳನ್ನು ಈಗ ಬೇರಾವುದೋ ಊರಿನ ಹೆಂಗಸರು ಹೊಲಿಯುತ್ತಿರಬಹುದು... ನಾನು ಮಂಡ್ಯದಲ್ಲಿ ಬಾಡಿಗೆ ಮನೆ ಹಿಡಿದು, ಅವಳು ಕಲಿಸಿದ ಕೆಲಸದಲ್ಲೇ ಊಟ ಮಾಡುತ್ತಿದ್ದೇನೆ. ಮಳವಳ್ಳಿಗೆ ಹೋಗುವ ಬಸ್ಸು ನಮ್ಮ ಬೀದಿಯ ಕೊನೆಯಲ್ಲೇ ನಿಲ್ಲುತ್ತದೆ. ಹತ್ತಿ ಹೋಗಿ ಕ್ಷಮೆ ಕೇಳಿಬಿಡೋಣವೆಂದರೆ, ಅಲ್ಲಿ ಈಗ ಅವಳಿಲ್ಲ.