ಗೋಡೆ ಕಟ್ಟಿಸಿದ ರಾಣಿ

ಮಹಾಯುದ್ಧ ನಡೆಯುತ್ತಿದ್ದ ವರ್ಷಗಳವು. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ನಾನು ದೇವದುರ್ಗದಲ್ಲಿ, ಊರವರೇ ಸೇರಿ ನಡೆಸುತ್ತಿದ್ದ ಕನ್ನಡ ಶಾಲೆಗೆ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಕಲಿತದ್ದೂ ಅದೇ ಶಾಲೆಯಲ್ಲಿ. ಆಮೇಲೆ ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿ ಮರಳಿ ಬಂದಿದ್ದೆ. ಹುಡುಗಿಯರು ನನ್ನನ್ನು ‘ಅಕ್ಕೋರ’ ಎಂದು ಕರೆದಾಗಲೆಲ್ಲ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದಿರುಗಿ ನೋಡುವಷ್ಟು ಹೊಸಬಳು.

ಶಾಲೆಯೆಂದರೆ ಒಂದು ಉದ್ದನೆಯ ಪಡಸಾಲೆ, ಅದರ ಹಿಂದೆ ಜಾಲಿ ಬೆಳೆದ ಬಯಲು. ಗಂಡುಹುಡುಗರಿಗೆ ಅಷ್ಟು ಸಾಕಾಗಿತ್ತು. ಹುಡುಗಿಯರು ಮಾತ್ರ ಸ್ವಲ್ಪ ದೊಡ್ಡವರಾಗುತ್ತಲೇ ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು. ಬಳೆ ವ್ಯಾಪಾರಿಯ ಮಗಳು, ನನ್ನ ತರಗತಿಯಲ್ಲೇ ಚುರುಕಿನ ಹುಡುಗಿ, ಒಂದು ದಿನ ಬರುವುದನ್ನು ನಿಲ್ಲಿಸಿದಳು. ಯಾಕೆಂದು ನಾನು ಕೇಳಲು ಹೋಗಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ನಾನೂ ಅದೇ ಶಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂತವಳು.

ಹೆಡ್ ಮಾಸ್ತರರಿಗೆ ಇದನ್ನು ಹೇಗೋ ತಡವರಿಸುತ್ತ ಹೇಳಿದೆ. ಅವರು ನನಗೂ ಕಲಿಸಿದವರು, ವಯಸ್ಸಾದವರು. ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿ, “ಹಂಗಾದ್ರ ಸನ್ಮಾನ ಮಾಡೂಣು” ಅಂದರು.

ಅವರ ಯೋಚನೆ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಶಾಲೆಯಿಂದ ಹೋಗಿ ಹೆಸರು ಮಾಡಿದ ಇಬ್ಬರನ್ನು ಕರೆಸಿ ಶಾಲು ಹೊದಿಸುವುದು; ಅವರನ್ನು ನೋಡಲು ಮಂದಿ ಬರುತ್ತಾರೆ; ಬಂದ ಮಂದಿಯ ಮುಂದೆ ಹುಡುಗಿಯರಿಗೊಂದು ಕೋಣೆ, ಹಿತ್ತಲಿಗೊಂದು ಗೋಡೆ ಕಟ್ಟಿಸುವ ಮಾತು ತೆಗೆಯುವುದು. ಒಬ್ಬರು ಹೈದರಾಬಾದಿನಲ್ಲಿ ವಕೀಲರಾಗಿದ್ದವರು. ಇನ್ನೊಬ್ಬರು ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದ ಗಂಡಸು. ಅವರು ರಾಣಿಯಾಗಿ ಅತ್ತರೆ ಮುಂದೆ ಕೂತ ಅಮಲ್ದಾರರೂ ಅಳುತ್ತಿದ್ದರಂತೆ.

ಶಾಲೆಯ ಕಮಿಟಿಯಲ್ಲಿ ದಿನಸಿ ಅಂಗಡಿಯ ಸಾವುಕಾರರಿದ್ದರು. ಅವರಿಗೆ ಇದು ಸರಿಬರಲಿಲ್ಲ. “ಸೀರಿ ಉಟಗೊಂಡು ಕುಣಿಯಾವಗ ಸನ್ಮಾನ ಏನ್ರೀ ಮಾಸ್ತರ? ವಕೀಲರು ಸಾಕು.”

“ವಕೀಲರ ಹೆಸರು ಹೇಳಿದ್ರ ಮಂದಿ ಮನಿಯೊಳಗ ಕುಂದರ್ತಾರ್ರೀ,” ಅಂದರು ಹೆಡ್ ಮಾಸ್ತರರು. “ಇವನ ಹೆಸರು ಹೇಳಿದ್ರ ಮನಿಗೆ ಕೀಲಿ ಹಾಕಿ ಬರ್ತಾರ.”

ಕಂಪನಿ ಆಗ ಮಾನ್ವಿಯಲ್ಲಿ ಬೀಡುಬಿಟ್ಟಿತ್ತು. ಕರೆಯಲು ಹೆಡ್ ಮಾಸ್ತರರ ಜೊತೆ ನಾನು ಹೊರಟೆ. ಮದುವೆಯಾಗದ ಮಗಳನ್ನು ಒಬ್ಬಳನ್ನೇ ಕಳಿಸಬಾರದೆಂದು ಅವ್ವನೂ ಹೊರಟಳು. ಅದು ಅಪ್ಪನಿಗೆ ಹೇಳಿದ ಕಾರಣ. ನಿಜವಾದ ಕಾರಣ, ಅವ್ವನಿಗೆ ನಾಟಕದ ಹುಚ್ಚು. ಗಾಡಿಯಲ್ಲಿ ದಾರಿಯುದ್ದಕ್ಕೂ ಆ ರಾಣಿಯ ಪದಗಳನ್ನು ಗುನುಗುತ್ತಲೇ ಇದ್ದಳು.

ನಾವು ಡೇರೆಯ ಒಳಗೆ ಹೋದಾಗ ರಾಣಿಯವರು ತೊಡೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಅರ್ಧ ಮುಖ ಸೋಪಿನ ನೊರೆ. ನನ್ನ ಅವ್ವ ಅವರನ್ನು ಕಂಡವಳೇ ಸೆರಗು ಹೊದ್ದು ಕೈಮುಗಿದಳು. ಅವರು ಎದ್ದುನಿಂತು, ನೊರೆಯ ಮುಖದಲ್ಲೇ ಅವ್ವನ ಇಳಕಲ್ ಸೀರೆಯನ್ನು ದಿಟ್ಟಿಸಿ ನೋಡಿದರು.

“ಯವ್ವಾ, ಈ ನಿರಿಗಿ ನಡದ್ರೂ ಹರವಿಕೊಳ್ಳಂಗಿಲ್ಲಲ್ಲ, ಹೆಂಗ ಉಡ್ತೀರಿ? ನಂದು ಎರಡನೇ ಅಂಕದಾಗ ಬಿಚ್ಚಿಕೋತದ.”

ಅವ್ವ ಅಲ್ಲೇ ಒಂದು ಸೀರೆ ತರಿಸಿ, ಅವರ ಧೋತ್ರದ ಮೇಲೆಯೇ ಉಡಿಸಿ ತೋರಿಸಿದಳು. ಹೆಡ್ ಮಾಸ್ತರರು ಡೇರೆಯ ಛಾವಣಿ ನೋಡುತ್ತ ನಿಂತಿದ್ದರು. ನಾನು ನಗು ತಡೆಯಲಾರದೆ ಹೊರಗೆ ಹೋಗಿ ಕಂಬ ಹಿಡಿದುಕೊಂಡು ನಕ್ಕು, ಮತ್ತೆ ಒಳಗೆ ಬಂದೆ.

ಸನ್ಮಾನದ ಮಾತು ಹೇಳಿದಾಗ ಅವರು ಗಂಭೀರರಾದರು. “ವಕೀಲನೂ ಬರ್ತಾನೇನ್ರೀ?” ಎಂದು ಕೇಳಿದರು. ಬರುತ್ತಾರೆ ಅಂದೆವು. “ಅವ ನನ್ನ ಕೂಡ ಮಾತಾಡಂಗಿಲ್ಲ. ಆದ್ರೂ ಬರ್ತೀನಿ. ಬಣ್ಣದ ಸಾಮಾನು ತರಾಕ ರಾಯಚೂರಿಗೆ ಹೋಗೂದೈತಿ. ಅಲ್ಲಿಂದ ಎಲ್ಲಾರೂ ಕೂಡೇ ಹೋಗೂಣು.”

ಹೀಗೆ ಸನ್ಮಾನದ ದಿನ ಬೆಳಿಗ್ಗೆ ನಾವು ರಾಯಚೂರಿನ ಸ್ಟೇಷನ್ನಿನಲ್ಲಿ ನಿಂತಿದ್ದೆವು: ಹೆಡ್ ಮಾಸ್ತರರು, ನಾನು, ಮತ್ತು ಬಿಡದೆ ಬಂದಿದ್ದ ಅವ್ವ. ಹೈದರಾಬಾದಿನ ರೈಲಿನಿಂದ ವಕೀಲರು ಇಳಿದರು. ಬಿಳಿ ಶೇರ್ವಾನಿ, ಮಿರಿಮಿರಿ ಬೂಟು, ಕೈಯಲ್ಲಿ ಸುರುಳಿ ಸುತ್ತಿದ ಭಾಷಣ. ಬಸ್ಸಿನ ಹತ್ತಿರ ರಾಣಿಯವರು ಬಣ್ಣದ ಪೆಟ್ಟಿಗೆಯ ಮೇಲೆ ಕೂತು ಕಡಲೆ ತಿನ್ನುತ್ತಿದ್ದರು. ವಕೀಲರು ಅವರನ್ನು ನೋಡಿ ಮುಖ ತಿರುವಿದರು. ಬಸ್ಸಿನಲ್ಲಿ ಉಳಿದಿದ್ದ ಜಾಗ ಒಂದೇ ಸೀಟಿನಲ್ಲಿ, ಅಕ್ಕಪಕ್ಕದಲ್ಲಿ. ಇಬ್ಬರೂ ಆ ಕಡೆ ಒಬ್ಬರು ಈ ಕಡೆ ಒಬ್ಬರು ನೋಡುತ್ತ ಕೂತರು.

ಆಗಿನ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು ಕಟ್ಟಿರುತ್ತಿತ್ತು. ಅದರಲ್ಲಿ ಇದ್ದಲು ಕೆಂಡವಾಗಬೇಕು, ಕ್ಲೀನರು ಹಿಡಿಕೆ ತಿರುಗಿಸಿ ಗಾಳಿ ಹಾಕಬೇಕು, ಆಗ ಎಂಜಿನ್ನು ಮನಸ್ಸು ಮಾಡುತ್ತಿತ್ತು. ಊರು ದಾಟಿ ಮೊದಲ ಏರು ಬರುತ್ತಲೇ ನಮ್ಮ ಬಸ್ಸು ನಿಂತಿತು. ಡ್ರೈವರು ಸಾಹೇಬರು ಹಿಂದಿರುಗಿ ಬಹಳ ವಿನಯದಿಂದ, “ಜರಾ ಧಕ್ಕಾ ಮಾರ್ನಾ ಪಡ್ತಾ, ವಕೀಲ್ ಸಾಬ್,” ಅಂದರು.

ವಕೀಲರು ಇಳಿದರು. ಎಲ್ಲರೂ ಇಳಿದು ತಳ್ಳಿದೆವು. ಬಸ್ಸು ಒಮ್ಮೆ ಕೆಮ್ಮಿ, ಬಿಡಾರವೇ ಸುಟ್ಟಷ್ಟು ಹೊಗೆಯನ್ನು ನಮ್ಮ ಮೇಲೆ ಬಿಟ್ಟು ಹೊರಟಿತು. ಮುಂದಿನ ಏರಿಗೆ ಮತ್ತೆ ಇಳಿದೆವು. ಮೂರನೆಯ ಸಲ ಇಳಿದಾಗ ವಕೀಲರ ಶೇರ್ವಾನಿ ಬೂದಿ ಬಣ್ಣಕ್ಕೆ ತಿರುಗಿತ್ತು, ಮೂಗಿನ ಎರಡೂ ಬದಿ ಮಸಿ ಬಳಿದಿತ್ತು. ಪಕ್ಕದಲ್ಲಿ ತಳ್ಳುತ್ತಿದ್ದ ರಾಣಿಯವರು ಅವರನ್ನು ನೋಡಿ ಮೆಲ್ಲಗೆ ಹೇಳಿದರು:

“ಮಹಾರಾಜರು ಏನೋ ಹೇಳಬೇಕಂತ ಮಾಡ್ಯಾರ.”

ವಕೀಲರು ತಳ್ಳುವುದನ್ನು ಬಿಟ್ಟು ನೆಟ್ಟಗೆ ನಿಂತರು. ಸಿಟ್ಟಿಗೆ ಅವರ ತುಟಿ ಅದುರುತ್ತಿತ್ತು, ಅಥವಾ ಹಾಗೆಂದು ನಾನು ತಿಳಿದೆ. ಮರುಗಳಿಗೆ ಅವರು ರಸ್ತೆಯ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ತಳ್ಳುವ ಕೈಗಳು ಕಡಿಮೆಯಾಗಿ ಬಸ್ಸು ಹಿಂದಕ್ಕೆ ಉರುಳಿತು; ಕ್ಲೀನರು ಕಲ್ಲು ಹಿಡಿದು ಓಡಿದ.

ಆಮೇಲೆ ತಿಳಿಯಿತು. ಅವರಿಬ್ಬರೂ ನಮ್ಮ ಶಾಲೆಯಲ್ಲಿದ್ದಾಗ ಒಂದು ನಾಟಕವಾಗಿತ್ತು; ವಕೀಲರು ರಾಜ, ಇವರು ರಾಣಿ. ರಾಜನಿಗೆ ಸಭೆ ನೋಡಿದ ಕೂಡಲೇ ಒಂದು ಮಾತೂ ನೆನಪಾಗಲಿಲ್ಲ. ರಾಣಿ ‘ಮಹಾರಾಜರು ಏನೋ ಹೇಳಬೇಕೆಂದಿದ್ದಾರೆ’ ಎಂದು ಶುರುಮಾಡಿ ರಾಜನ ಪಾಲಿನ ಮಾತನ್ನೂ ತಾನೇ ಹೇಳಿ ಮುಗಿಸಿದಳು. ಊರೆಲ್ಲ ನಕ್ಕಿತು. ‘ಮೂಕರಾಜ’ ಎಂಬ ಹೆಸರು ವಕೀಲರಿಗೆ ಅಂಟಿಕೊಂಡಿತು.

“ಆ ಹೆಸರು ಕೇಳಲಾರದ ನಾ ಊರು ಬಿಟ್ಟೆ,” ಅಂದರು ವಕೀಲರು ಮತ್ತೆ ಬಸ್ಸಿನಲ್ಲಿ ಕೂತಾಗ. “ಮಾತಾಡೂದು ಕಲೀಬೇಕಂತ ವಕೀಲಕಿ ಓದಿದೆ.”

“ಹಂಗಾದ್ರ ನೀ ವಕೀಲ ಆಗಿದ್ದು ನನ್ನಿಂದ,” ಅಂದರು ರಾಣಿಯವರು ಕಡಲೆ ಮುಂದೆ ಹಿಡಿದು. ವಕೀಲರು ತೆಗೆದುಕೊಂಡರು.

ಗಬ್ಬೂರಿನ ಹತ್ತಿರ ಬಸ್ಸು ಕೊನೆಯ ಸಲ ನಿಂತಿತು. ತಳ್ಳಿದರೂ ಇಲ್ಲ, ಊದಿದರೂ ಇಲ್ಲ. ಊರೊಳಗೆ ನಡೆದುಹೋದೆವು. ಕಟ್ಟೆಯ ಮೇಲೆ ಕೂತಿದ್ದ ಒಬ್ಬರು ನಮ್ಮ ರಾಣಿ ಪಾತ್ರದ ನಟರ ಗುರುತು ಹಿಡಿದರು, ಅಷ್ಟೇ ಸಾಕಾಯಿತು. “ರಾಣಿಯಮ್ಮ ಬಂದಾಳ” ಎಂಬ ಮಾತು ಓಣಿಯಿಂದ ಓಣಿಗೆ ಹಾರಿತು. ಹೊಲಕ್ಕೆ ಹೊರಟಿದ್ದ ಗಾಡಿಗಳು ನಮ್ಮ ಕಡೆ ತಿರುಗಿದವು. ಬಸ್ಸಿನ ಕ್ಲೀನರೂ ನಮ್ಮ ಜೊತೆ ಹತ್ತಿದ. ನಮ್ಮನ್ನು ಕೂಡಿಸಿಕೊಂಡು ಹೊರಟ ಗಾಡಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ದಾರಿಯಲ್ಲಿ ಸೇರಿಕೊಂಡವರೆಷ್ಟೋ. ನಟರು ಮುಂದಿನ ಗಾಡಿಯಲ್ಲಿ ನಿಂತು ಪದ ಎತ್ತಿದರೆ ಅವ್ವ ನಾಚಿಕೆ ಬಿಟ್ಟು ಸೊಲ್ಲು ಹಿಡಿಯುತ್ತಿದ್ದಳು. ಮನೆಯಲ್ಲಿ ಅಪ್ಪನ ಮುಂದೆ ಗಟ್ಟಿಯಾಗಿ ಮಾತಾಡದ ಅವ್ವ. ಗಾಡಿ ಕುಲುಕಿದಂತೆಲ್ಲ ನನ್ನೊಳಗೆ ಏನೋ ಉಕ್ಕಿ ಬರುತ್ತಿತ್ತು. ಇಳಿದು ಎತ್ತುಗಳ ಮುಂದೆ ಓಡಬೇಕೆನಿಸುತ್ತಿತ್ತು.

ದೇವದುರ್ಗದಲ್ಲಿ ಕಮಿಟಿಯವರು ವಾಲಗ ಸಮೇತ ಬಸ್ಸಿನ ದಾರಿ ನೋಡುತ್ತ ಒಣಗಿದ್ದರು. ಗಾಡಿಗಳ ಸಾಲು ಬಂದು ನಿಂತಿತು. ಸಾವುಕಾರರು ಹಾರ ಹಿಡಿದುಕೊಂಡು ಮಸಿ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದು, ವಕೀಲರ ಹಾರವನ್ನು ಕ್ಲೀನರನ ಕೊರಳಿಗೆ ಹಾಕಿದರು. ಅವನು ಸುಮ್ಮನೆ ಹಾಕಿಸಿಕೊಂಡ. ಯಾರೂ ಅದನ್ನು ತಿರುಗಿ ಕೇಳಲಿಲ್ಲ.

ಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿದ್ದರು. ಒಂದು ಬದಿಗೆ ಪರದೆ ಕಟ್ಟಿ ಹೆಂಗಸರಿಗೆ ಜಾಗ. ಬಯಲು ತುಂಬಿ, ಜಾಲಿಯ ಸಂದಿಯಲ್ಲೂ ಜನ. ಆಗ ಹೆಡ್ ಮಾಸ್ತರರು ಮಾತಾಡಲು ಎದ್ದರು, ಬಾಯಿ ತೆರೆದರು, ದನಿಯೇ ಬರಲಿಲ್ಲ. ಹೊಗೆ ಅವರ ಗಂಟಲನ್ನು ಪೂರ್ತಿ ಕಟ್ಟಿತ್ತು. ಅವರು ಕೈಯಲ್ಲಿದ್ದ ಕಾಗದವನ್ನು ನನ್ನ ಕಡೆ ಚಾಚಿದರು.

ನಾನು ಅದುವರೆಗೆ ಗಂಡಸರ ಸಭೆಯಲ್ಲಿ ಮಾತಾಡಿದವಳಲ್ಲ. ಎದ್ದು ಓದಿದೆ. ಗಣ್ಯರ ಹೊಗಳಿಕೆ ಮುಗಿಯಿತು, ಶಾಲು ಹೊದಿಸಿದ್ದಾಯಿತು. ಕಡೆಯ ಸಾಲು ಹೀಗಿತ್ತು: ‘ವಿದ್ಯಾರ್ಥಿನಿಯರ ಅನುಕೂಲಕ್ಕಾಗಿ ಕೆಲವು ಸೌಕರ್ಯಗಳು ಅಗತ್ಯವಾಗಿವೆ.’ ಓದಿ ನಿಂತೆ. ಯಾರಿಗೂ ಏನೂ ತಿಳಿದಿರಲಿಲ್ಲ.

ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು, ಜೇನಿನಂಥ ದನಿ. “ಯಾವ ಸೌಕರ್ಯ, ತಂಗಿ? ಬಿಡಿಸಿ ಹೇಳು.”

ತಿರುಗಿ ನೋಡಿದರೆ ನಟರು ಶಾಲನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡು ಕೂತಿದ್ದರು. ಸಭೆಯೆಲ್ಲ ನಕ್ಕಿತು. ನನಗೂ ನಗು ಬಂತು, ಮೇಜು ಹಿಡಿದುಕೊಂಡು ನಕ್ಕೆ. ಆ ನಗುವಿನಲ್ಲೇ ನನ್ನ ಹೆದರಿಕೆ ಎಲ್ಲೋ ಹೋಯಿತು. ಕಾಗದ ಕೆಳಗಿಟ್ಟೆ.

“ಹುಡುಗ್ಯಾರಿಗೆ ಕುಂದರಾಕ ಒಂದು ಕೋಣಿ ಬೇಕ್ರೀ,” ಅಂದೆ. “ಹಿಂದಗಡೆ ಹೋಗಾಕ ಮಂದಿ ಕಣ್ಣಿಗೆ ಬೀಳದಂಗ ಮರಿ ಬೇಕು. ಒಂದು ಗ್ವಾಡಿ ಇಲ್ಲದ್ದಕ್ಕ ಅವರು ಸಾಲಿ ಬಿಡಾಕತ್ತಾರ. ನಿಮ್ಮ ಮಕ್ಕಳು ಶಾಣ್ಯಾರದಾರ, ಗ್ವಾಡಿ ಒಂದಿಲ್ಲ.”

ಸಾವುಕಾರರು ನೆಲ ನೋಡುತ್ತಿದ್ದರು. ನಟರು ಎದ್ದು ಬಂದು ನನ್ನ ಪಕ್ಕ ನಿಂತರು. ಈಗ ಅವರದು ತಮ್ಮದೇ ದಪ್ಪ ಗಂಡು ದನಿ.

“ನಾ ಯಾವ ಊರಿಗೆ ಹೋದ್ರೂ ಮೊದಲು ಕೇಳೂದು ಸೀರಿ ಉಡಾಕ ಮರಿ ಎಲ್ಲೈತಿ ಅಂತ. ದಿನಾ ಮೂರು ತಾಸು ಹೆಂಗಸಾಗೋ ನನಗ ಅಷ್ಟು ಬೇಕಾದ್ರ, ದಿನಪೂರ್ತಿ ಹೆಂಗಸಾಗಿರೋರಿಗೆ ಬ್ಯಾಡೇನ್ರೀ?”

ಪರದೆಯ ಹಿಂದಿನಿಂದ ಬಳೆಗಳ ಸದ್ದಾಯಿತು. ಬಳೆ ವ್ಯಾಪಾರಿಯ ಹೆಂಡತಿಯ ದನಿ ಗಟ್ಟಿಯಾಗಿ ಬಂತು: “ದರ್ವಾಜಾ ಹಮೇ ದೇತೇಂ.” ಕನ್ನಡದವರಿಗೆ ತಿಳಿಯಲೆಂದು ಮತ್ತೆ ಹೇಳಿದರು: “ಬಾಗಲಾ ನಾವು ಕೊಡ್ತೀವ್ರೀ. ಚಿಲಕ ಮಾತ್ರ ಒಳಗಿಂದ ಇರಬೇಕು.”

ಪರದೆಯೇ ಅಲುಗಾಡುವಂತೆ ಹೆಂಗಸರು ನಕ್ಕರು. ಅಲ್ಲಿಂದ ಮುಂದೆ ಯಾರು ಏನು ಹೇಳಿದರೆಂಬುದು ನನಗೆ ಕ್ರಮವಾಗಿ ನೆನಪಿಲ್ಲ. ಗಬ್ಬೂರಿನವರು ಕಲ್ಲು ಹೇರಿ ತರುತ್ತೇವೆಂದರು. ಜಾಲಹಳ್ಳಿಯಿಂದ ಬಂದಿದ್ದ ಒಬ್ಬರು ಸುಣ್ಣ ತಮ್ಮದೆಂದರು. ಕಟ್ಟಲು ನಾವು ಬರುತ್ತೇವೆ ಎಂದು ಗೌಂಡಿ ಓಣಿಯವರು ಕೈ ಎತ್ತಿದರು. ತಮ್ಮ ಮಗಳನ್ನೂ ಸೇರಿಸಿಕೊಳ್ಳುವಿರಾ ಎಂದು ಅವರಲ್ಲೊಬ್ಬರು ಕೇಳಿದರು. “ನಾಳೀನ ಕಳಸ್ರಿ,” ಅಂದೆ, ಕಮಿಟಿಯನ್ನು ಕೇಳದೆಯೇ. ಸಾವುಕಾರರು ಎದ್ದು, ಛಾವಣಿಯ ತೊಲೆಗಳನ್ನು ತಾವು ಕೊಡುವುದಾಗಿ ಹೇಳಿ, ಗಂಟಲು ಸರಿಮಾಡಿಕೊಂಡು, “ಆದ್ರ ರಾಣಿಯವರು ಒಂದು ಪದ ಹೇಳಬೇಕು,” ಅಂದರು.

ವಕೀಲರು ಕೊನೆಗೆ ಮಾತಾಡಿದರು. ಸುರುಳಿಯನ್ನು ಬಿಚ್ಚಲೇ ಇಲ್ಲ. “ನನ್ನ ಭಾಷಣ ಬಸ್ಸಿನ ಹೊಗಿಯೊಳಗ ಹೋತು. ಏನೇನು ಕಡಿಮಿ ಬೀಳ್ತದ, ಅದು ನಂದು.” ಅಷ್ಟು ಹೇಳಿ ಕೂತರು. ನಟರೇ ಮೊದಲು ಚಪ್ಪಾಳೆ ತಟ್ಟಿದರು.

ಮಾತು ಕೊಟ್ಟವರಲ್ಲಿ ಕೆಲವರು ಮರೆತರು, ಕಲ್ಲು ಸುಗ್ಗಿ ಮುಗಿಯುವ ತನಕ ಬರಲಿಲ್ಲ, ಒಂದು ತೊಲೆ ಗಿಡ್ಡವಾಗಿತ್ತು. ಆದರೂ ಮಳೆಗಾಲಕ್ಕೆ ಮೊದಲು ಕೋಣೆ ನಿಂತಿತು, ಹಿತ್ತಲಿಗೆ ಎತ್ತರದ ಗೋಡೆ ಬಂತು. ಬಳೆ ವ್ಯಾಪಾರಿಯ ಮಗಳು ತಾಯಿಯ ಜೊತೆ ಬಂದು, ಬಾಗಿಲನ್ನು ಹಾಕಿ ತೆಗೆದು ನೋಡಿ, ಮರುದಿನದಿಂದ ಬರತೊಡಗಿದಳು. ಗೌಂಡಿಯವರ ಮಗಳು ಅವಳ ಪಕ್ಕದಲ್ಲಿ ಕೂತಳು.

ಸುಣ್ಣ ಬಳಿಯುವ ಕೆಲಸವನ್ನು ನಾವೇ ಮಾಡುತ್ತೇವೆಂದು ಹುಡುಗಿಯರು ಹಟಮಾಡಿದರು. ಅರ್ಧ ಸುಣ್ಣ ಗೋಡೆಗೆ, ಅರ್ಧ ಒಬ್ಬರ ಮೇಲೊಬ್ಬರಿಗೆ. ಅಕ್ಕೋರೆಂಬ ಗೌರವವನ್ನು ಕಾಪಾಡಿಕೊಳ್ಳಲು ನಾನು ಸ್ವಲ್ಪ ಹೊತ್ತು ದೂರ ನಿಂತಿದ್ದೆ. ಆಮೇಲೆ ಸೆರಗು ಸಿಕ್ಕಿಸಿ ಇಳಿದೆ. ಸಂಜೆ ಎಲ್ಲರೂ ತಲೆಯಿಂದ ಪಾದದವರೆಗೆ ಬೆಳ್ಳಗಾಗಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಜಾರಿನ ನಟ್ಟನಡುವೆ ಮನೆಗೆ ನಡೆದೆವು. ಅಂಗಡಿಯವರು ತಕ್ಕಡಿ ಹಿಡಿದಂತೆಯೇ ನಿಂತು ನೋಡಿದರು. ನಾವು ನಡಿಗೆ ಬಿರುಸು ಮಾಡಲಿಲ್ಲ.