ಗಣಪತಿಗೊಂದು ರೋಮನ್ ಗುಡಿ

ಮಲೇಶಿಯಾದ ನಿಲಾಯ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆಂಬ ಒಂದೇ ತಪ್ಪಿಗೆ ನಮ್ಮ ಕನ್ನಡದವರ ಗಣೇಶ ಹಬ್ಬದ ಮಂಟಪ ಆ ವರ್ಷ ನನ್ನ ತಲೆಗೆ ಬಂತು. ಅಲ್ಲಿಯವರೆಗೆ ನಾನು ಎಲ್ಲರ ದನಿ ಅಣಕಿಸುವ ಹುಡುಗ, ಅಷ್ಟೆ. ನನ್ನ ದನಿಯನ್ನೇ ಅಣಕಿಸಿದರೆ ಮಾತ್ರ ಯಾರಿಗೂ ಗುರುತು ಸಿಗುವುದಿಲ್ಲ, ಅಷ್ಟು ಸಪ್ಪೆ.

ಮಂಟಪ ಹೇಗಿರಬೇಕೆಂದು ತೀರ್ಮಾನಿಸಿದವರು ಮೆಲಾಕಾದಲ್ಲಿ ಮೆಡಿಕಲ್ ಪಾಠ ಹೇಳುವ ಉಡುಪಿಯ ಡಾಕ್ಟರು. ರಜೆಗೆ ಫ್ರಾನ್ಸಿಗೆ ಹೋದವರು ಅಲ್ಲಿ ಎರಡು ಸಾವಿರ ವರ್ಷ ಹಳೆಯ ರೋಮನ್ ದೇವಾಲಯವೊಂದಕ್ಕೆ ಮನಸ್ಸು ಕೊಟ್ಟು ಬಂದಿದ್ದರು. ಫೋನಿನಲ್ಲಿ ಹೆಂಡತಿಯ ಫೋಟೊ ಒಂದೂ ಇಲ್ಲ, ಬರೀ ಕಂಬಗಳು.

"ಒಂದು ಕಂಬ ಸಹ ಬೀಳ್ಲಿಲ್ಲ ಮಾರಾಯ! ನಮ್ಮ ಗಣಪತಿ ಅದ್ರಲ್ಲೇ ಕೂತ್ಕೊಳ್ಬೇಕು. ಇದ್ದ ಹಾಗೇ ಮಾಡು, ಆಯ್ತಾ?"

ಮಾಡಿದೆ. ಎತ್ತರದ ಜಗತಿ, ಮುಂದೆ ಮಾತ್ರ ಮೆಟ್ಟಿಲು, ನೆತ್ತಿಯಲ್ಲಿ ಎಲೆಗಳ ಕೆತ್ತನೆಯಿರುವ ಕಂಬಗಳ ಮುಖಮಂಟಪ. ಪಕ್ಕದ ಕಂಬಗಳು ಮಾತ್ರ ಅರ್ಧ ಹೊರಗೆ, ಅರ್ಧ ಗೋಡೆಯೊಳಗೆ. ಎಲ್ಲ ಥರ್ಮಾಕೋಲು. ಹಿಂಭಾಗಕ್ಕೆ ಕ್ಲಾಂಗ್ ಬಂದರಿನಲ್ಲಿ ಕೆಲಸ ಮಾಡುವ ಅಣ್ಣನೊಬ್ಬ ತಂದುಕೊಟ್ಟ ರಟ್ಟಿನ ಪೆಟ್ಟಿಗೆಗಳು. ಸಭಾಂಗಣದ ಗೋಡೆಗೆ ಒತ್ತಿ ನಿಲ್ಲಿಸುವುದು ತಾನೆ, ಬೆನ್ನು ಯಾರು ನೋಡುತ್ತಾರೆ?

ಹಬ್ಬದ ಬೆಳಿಗ್ಗೆ ಡಾಕ್ಟರು ಗಣಪತಿಗಿಂತ ಮೊದಲೇ ಬಂದರು. ಒಂದೊಂದು ಅರ್ಧಗಂಬವನ್ನೂ ರೋಗಿಯ ಎದೆ ತಟ್ಟಿದಂತೆ ತಟ್ಟಿ ನೋಡಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಪೂಜೆಯ ಉಸ್ತುವಾರಿಯ ಮೈಸೂರು ಆಂಟಿ ಬಂದರು.

"ಪ್ರದಕ್ಷಿಣೆ ಎಲ್ಲಿಂದ ಬರೋದು?"

"ರೋಮಿನವ್ರು ಸುತ್ತು ಬರ್ತಿರ್ಲಿಲ್ಲ ಅಕ್ಕ. ಮುಂದೆ ಬಲಿಪೀಠ, ಅಲ್ಲೇ ಹೊರಗೆ ನಿಂತು ಪೂಜೆ," ಎಂದರು ಡಾಕ್ಟರು.

"ನಮ್ಮ ಗಣಪತಿ ರೋಮಿನವನಾ? ಹೋದ ವರ್ಷದ ಪರದೆ ಕಟ್ಟಿ. ಇದನ್ನ ಆಚೆ ಇಡಿ."

ಡಾಕ್ಟರ ಮುಖ ಬಾಡಿತು. ನನ್ನ ಬಾಯಿ ಸುಮ್ಮನಿರಲಿಲ್ಲ. ಅವರದೇ ಮೂಗುದನಿ ತೆಗೆದೆ. "ಅಲ್ಲ ಮಾರಾಯ್ರೆ, ಫ್ರಾನ್ಸಿನ ಆ ಗುಡಿ ಉಳಿದದ್ದು ಹೇಗೆ? ಚರ್ಚ್ ಮಾಡಿದ್ರು, ಕುದುರೆ ಕಟ್ಟಿದ್ರು, ಯಾರೋ ಸಂಸಾರ ಸಹ ಹೂಡಿದ್ರು. ಬಳಸಿದ್ದಕ್ಕೇ ಉಳೀತು!"

ಈ ಪಾಠವನ್ನು ಅವರು ಎಷ್ಟು ಸಲ ಕೊರೆದಿದ್ದರೆಂದರೆ, ನಡುವಿನ ಕೆಮ್ಮೂ ನನಗೆ ಬಾಯಿಪಾಠ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಾಕ್ಟರೊಬ್ಬರೇ ಗಂಭೀರವಾಗಿ, "ಹೌದು, ಸರೀ ಹೇಳಿದ," ಎಂದರು.

ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕುದುರೆ ಕಟ್ಟಿದ್ದಾರಂತೆ, ನಾವು ಸುತ್ತಿದ್ರೇನು? ಗೋಡೆ ಬಿಟ್ಟು ಮುಂದಕ್ಕೆ ಎಳೀರಿ."

ಎಳೆದರು. ಬೆನ್ನು ಬಯಲಾಯಿತು: ರಟ್ಟಿನ ತುಂಬ ಮೇಲ್ಮುಖ ಬಾಣಗಳು, ಒಡೆದ ಲೋಟದ ಚಿತ್ರಗಳು. ಕಂಬದ ಮರೆಗೆ ಸರಿಯೋಣವೆಂದರೆ ಅರ್ಧಗಂಬಕ್ಕೆ ಮರೆಯೆಂಬುದೇ ಇಲ್ಲ.

"ಇರ್ಲಿ ಬಿಡು," ಎಂದರು ಆಂಟಿ. "ಸುತ್ತೋಕೆ ದಾರಿ ಆಯ್ತಲ್ಲ."

ಪೂಜೆ ಮುಗಿದು ಪ್ರದಕ್ಷಿಣೆ ಶುರುವಾಯಿತು. ಎಲ್ಲರಿಗಿಂತ ಮುಂದಿದ್ದ ಡಾಕ್ಟರು ಹಿಂಭಾಗಕ್ಕೆ ಬಂದವರೇ ನಿಂತುಬಿಟ್ಟರು. ಜೇಬಿನಿಂದ ಮಾರ್ಕರ್ ತೆಗೆದು, ಬಾಣಗಳ ಮೇಲೆಯೇ ಕಂಬ ಬರೆಯತೊಡಗಿದರು. ಹಿಂದೆ ಸಾಲು ಮೆಟ್ಟಿಲವರೆಗೂ ನಿಂತಿತು.

"ಡಾಕ್ಟ್ರೇ, ನಡೀರಿ ಲಾ! ಊಟ ಆರ್ತಿದೆ!" ಎಂದು ಬಂದರಿನ ಅಣ್ಣ ಮಲೇಶಿಯಾದವರ 'ಲಾ' ಹಚ್ಚಿ ಕೂಗಿದ.

"ಅಸಲಿ ಗುಡಿಗೆ ಹಿಂದೆ ಸಹ ಆರು ಕಂಬ ಉಂಟು ಮಾರಾಯ," ಎಂದರು ಡಾಕ್ಟರು, ತಿರುಗಿಯೂ ನೋಡದೆ. "ನಿಲ್ಲಿ, ಇನ್ನು ಎರಡೇ."